ಪ್ರಮಾಣಿಸಿ ನೋಡುವ ವಿದ್ಯೆ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ದಂಪತಿಗಳಿಬ್ಬರು ಜೊತೆಯಾಗಿ ಮಾಡಿದ ಭಾಷಣದ ಪೂರ್ಣಪಾಠ)



ಸಂಘದ ಹುಟ್ಟುಹಬ್ಬದ ದಿನ ನಮ್ಮನ್ನು ಮಾತನಾಡಲು ಕರೆದಾಗ, ನಾವು ಸಾಹಿತಿಗಳಲ್ಲ, ಕಲಾವಿದರಲ್ಲ, ಏನು ಮಾತನಾಡುವುದು ಎಂದು ಕೇಳಿದೆವು. ನಮ್ಮಲ್ಲಿ ಒಬ್ಬರದು ಕಂಪ್ಯೂಟರ್ ಕೆಲಸ, ಇನ್ನೊಬ್ಬರದು ಲೆಕ್ಕಪತ್ರದ ಕೆಲಸ. ಅದಕ್ಕೆ ಕಾರ್ಯದರ್ಶಿಗಳು, "ನಿಮ್ಮ ಮಗಳು ಅದೇನೋ ಪೊಲೀಸ್ ವಿಜ್ಞಾನ ಓದಿದಳಲ್ಲ, ಅದನ್ನೇ ಹೇಳಿ. ನಮ್ಮ ಮಕ್ಕಳಿಗೂ ದಾರಿ ಗೊತ್ತಾಗಲಿ" ಎಂದರು. ಆದ್ದರಿಂದ ಈ ಹೊತ್ತು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್ ಸೈನ್ಸ್ ಎಂಬ ವಿದ್ಯೆಯ ಬಗ್ಗೆಯೂ, ಪದವಿ ಓದುವ ಒಬ್ಬ ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಹಾಕಿಕೊಂಡು ಸ್ವತಂತ್ರವಾಗಿ ಸಂಶೋಧನೆ ಮಾಡುವುದೆಂದರೆ ಏನು ಎಂಬುದರ ಬಗ್ಗೆಯೂ ನಾಲ್ಕು ಮಾತು ಹೇಳುತ್ತೇವೆ.

ನಮ್ಮಲ್ಲೊಂದು ಗಾದೆಯುಂಟು: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಕಣ್ಣಾರೆ ಕಂಡದ್ದನ್ನೂ ಒರೆಗೆ ಹಚ್ಚಿ ನೋಡಬೇಕು ಎಂದು ನಮ್ಮ ಹಿರಿಯರು ಹೇಳಿದರು. ವಿಧಿವಿಜ್ಞಾನದ ಸಾರವೆಲ್ಲ ಈ ಒಂದು ಗಾದೆಯಲ್ಲಿ ಅಡಗಿದೆ. ನ್ಯಾಯಾಲಯದ ಮುಂದೆ ಬರುವ ಒಂದು ಕೂದಲು, ಒಂದು ನೂಲಿನ ಎಳೆ, ಒಂದು ಹನಿ ರಕ್ತ, ಒಂದು ಬೆರಳಚ್ಚು ನಿಜವಾಗಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಪ್ರಮಾಣಿಸಿ ನೋಡುವ ವಿದ್ಯೆ ಇದು. ಎರಡನೆಯ ಭಾಗ, ಅಂದರೆ ಏನು ಹೇಳುವುದಿಲ್ಲ ಎಂಬುದು, ಮೊದಲನೆಯದಕ್ಕಿಂತ ಕಷ್ಟವಾದದ್ದು. ಟೆಲಿವಿಷನ್ ಧಾರಾವಾಹಿಗಳಲ್ಲಿ ಅದನ್ನು ತೋರಿಸುವುದೇ ಇಲ್ಲ.

ನಾವು ನೆಲೆಸಿರುವ ಈ ಪುಟ್ಟ ದೇಶಕ್ಕೂ ಈ ವಿದ್ಯೆಗೂ ಹಳೆಯ ನಂಟಿದೆ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ (೧೬೩೨–೧೭೨೩) ತನ್ನ ಕೈಯಾರೆ ಮಸೂರ ತಯಾರಿಸಿ ಕಣ್ಣಿಗೆ ಕಾಣದ ಜೀವಿಗಳನ್ನು ಕಂಡದ್ದು ಇಲ್ಲಿಯೇ. ಸೂಕ್ಷ್ಮದರ್ಶಕವಿಲ್ಲದೆ ಇಂದಿನ ಅಪರಾಧ ಪತ್ತೆ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ಫಾರ್ಮಸಿಸ್ಟ್ ಕ್ರಿಸ್ಟಿಯಾನ್ ವಾನ್ ಲೆಡ್ಡನ್ ಹುಲ್ಸೆಬೋಸ್ (೧೮೭೭–೧೯೫೨) ರಸಾಯನಶಾಸ್ತ್ರವನ್ನೂ ಛಾಯಾಚಿತ್ರವನ್ನೂ ಪೊಲೀಸ್ ತನಿಖೆಗೆ ಬಳಸಿ ಹೆಸರಾದರು. ಅವರ ಹೆಸರಿನ ಸಂಶೋಧನಾ ಕೇಂದ್ರ ಆ ನಗರದಲ್ಲಿ ಸ್ಥಾಪನೆಯಾಗಿದೆ. ೧೯೪೫ರಲ್ಲಿ ಆರಂಭವಾದ ಸರ್ಕಾರಿ ಪ್ರಯೋಗಾಲಯವೂ, ಶವಪರೀಕ್ಷೆಯ ಪ್ರಯೋಗಾಲಯವೂ ಸೇರಿ ೧೯೯೯ರಲ್ಲಿ ನೆದರ್ಲೆಂಡ್ಸ್ ಫೊರೆನ್ಸಿಕ್ ಇನ್‌ಸ್ಟಿಟ್ಯೂಟ್ ಆಯಿತು. ಎನ್ಎಫ್ಐ ಎಂದು ಇಲ್ಲಿ ಕರೆಯುವ ಆ ಸಂಸ್ಥೆ ದಿ ಹೇಗ್ ನಗರದ ಐಪೆನ್‌ಬುರ್ಗ್ ಬಡಾವಣೆಯಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ಹೆದ್ದಾರಿಯಲ್ಲಿ ಅದರ ಹತ್ತಿರ ಹಾದು ಆಫೀಸಿಗೆ ಹೋಗುತ್ತೇವೆ.

ಭಾರತೀಯರಾದ ನಾವು ಇಲ್ಲಿ ಸಂಕೋಚಪಡುವ ಕಾರಣವೇನೂ ಇಲ್ಲ. ಜಗತ್ತಿನ ಮೊಟ್ಟಮೊದಲ ಬೆರಳಚ್ಚು ಕಚೇರಿ ತೆರೆದದ್ದು ೧೮೯೭ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಲಕ್ಷಗಟ್ಟಲೆ ಬೆರಳಚ್ಚುಗಳನ್ನು ವಿಂಗಡಿಸಿ ಬೇಕಾದದ್ದನ್ನು ಹುಡುಕಿ ತೆಗೆಯುವ ವಿಧಾನ ಎಡ್ವರ್ಡ್ ಹೆನ್ರಿ ಎಂಬ ಆಂಗ್ಲ ಅಧಿಕಾರಿಯ ಹೆಸರಿನಲ್ಲಿ ಪ್ರಸಿದ್ಧವಾದರೂ, ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳದವರು.

ಈಗ ಓದಿನ ವಿಷಯ. ಈ ದೇಶದಲ್ಲಿ ಪದವಿಗೆ ಎರಡು ದಾರಿಗಳಿರುವುದು ನಿಮಗೆ ಗೊತ್ತು. ವಿಶ್ವವಿದ್ಯಾಲಯದ ಪದವಿ ಮೂರು ವರ್ಷ, ೧೮೦ ಅಂಕ. ಹೋಖಸ್ಕೋಲ್ ಎಂಬ ವೃತ್ತಿಪರ ಕಾಲೇಜಿನ ಪದವಿ ನಾಲ್ಕು ವರ್ಷ, ೨೪೦ ಅಂಕ. ಒಂದು ಅಂಕವೆಂದರೆ ೨೮ ಗಂಟೆಗಳ ದುಡಿಮೆ ಎಂದು ಲೆಕ್ಕ. ವಿಧಿವಿಜ್ಞಾನವನ್ನೇ ಮುಖ್ಯವಾಗಿ ಓದುವ ನಾಲ್ಕು ವರ್ಷದ ಪದವಿ ಆಮ್‌ಸ್ಟರ್‌ಡ್ಯಾಮಿನ ಹೋಖಸ್ಕೋಲಿನಲ್ಲಿದೆ, ಪೂರ್ವ ಭಾಗದ ಸ್ಯಾಕ್ಸಿಯನ್ ಹೋಖಸ್ಕೋಲಿನಲ್ಲಿಯೂ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಇಂಗ್ಲಿಷಿನಲ್ಲಿದೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಇವುಗಳಲ್ಲಿ ಪದವಿ ಪಡೆದು ಆಮೇಲೆ ಅದಕ್ಕೆ ಸೇರಲು ಪ್ರಯತ್ನಿಸಬಹುದು. ಯಾವ ದಾರಿ ಹಿಡಿದರೂ ಕೊನೆಯಲ್ಲಿ ವಿದ್ಯಾರ್ಥಿ ತಾನೇ ಒಂದು ಸಂಶೋಧನಾ ಯೋಜನೆ ಮಾಡಿ ಪ್ರಬಂಧ ಬರೆಯಲೇಬೇಕು. ಆ ಯೋಜನೆಗೆ ೩೦ ಅಂಕ ಎಂದಿಟ್ಟುಕೊಳ್ಳಿ, ೮೪೦ ಗಂಟೆಗಳಾದವು! ನಾವು ಊರಿನಲ್ಲಿ ಬಿ.ಎಸ್ಸಿ. ಮಾಡಿದಾಗ ಪ್ರಯೋಗದ ಪುಸ್ತಕದಲ್ಲಿ ಉತ್ತರ ಮೊದಲೇ ಅಚ್ಚಾಗಿರುತ್ತಿತ್ತು. ಆ ಉತ್ತರ ಬರುವಂತೆ ಪ್ರಯೋಗ ಮಾಡುವುದಷ್ಟೇ ನಮ್ಮ ಕೆಲಸವಾಗಿತ್ತು. ಇಲ್ಲಿ ಪ್ರಶ್ನೆಯನ್ನೇ ವಿದ್ಯಾರ್ಥಿ ಹುಡುಕಬೇಕು, ಉತ್ತರ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಮಗಳು ಈ ಓದಿಗೆ ಸೇರುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ನಡೆದ ಮಾತುಕತೆ ನಿಮ್ಮಲ್ಲಿ ಕೆಲವರ ಮನೆಯಲ್ಲೂ ಒಂದು ದಿನ ನಡೆಯಬಹುದು. ಹೆಣ ಕೊಯ್ಯುವ ಓದೇ ಎಂದು ಊರಿನಿಂದ ಪ್ರಶ್ನೆ ಬಂತು. ಡಾಕ್ಟರ್ ಆಗಬಹುದಿತ್ತಲ್ಲ ಎಂದರು ಕೆಲವರು. ಕೆಲಸ ಸಿಗುತ್ತದೆಯೇ ಎಂಬ ಚಿಂತೆ ನಮ್ಮಿಬ್ಬರಿಗೂ ಇತ್ತು, ಅದು ತಂದೆತಾಯಿಗಳಿಗೆ ಸಹಜವಾದ ಚಿಂತೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಶವಪರೀಕ್ಷೆ ವೈದ್ಯರ ಕೆಲಸ. ಈ ಓದಿನ ಹೆಚ್ಚಿನ ಭಾಗ ರಸಾಯನಶಾಸ್ತ್ರ, ಅಳತೆ, ಅಂಕಿಸಂಖ್ಯೆ ಮತ್ತು ಬರವಣಿಗೆ. ಎರಡನೆಯದಕ್ಕೆ ಅವಳು ಕೊಟ್ಟ ಉತ್ತರ ನಮಗೆ ನೆನಪಿದೆ. "ಅಪ್ಪ, ಡಾಕ್ಟರು ಒಬ್ಬ ರೋಗೀನ ನೋಡ್ತಾರೆ. ಇಲ್ಲಿ ಒಂದು ವರದಿ ತಪ್ಪಾದ್ರೆ ಒಬ್ಬ ನಿರಪರಾಧಿ ಜೈಲಿಗೆ ಹೋಗ್ತಾನೆ, ಅಪರಾಧಿ ಹೊರಗೇ ಇರ್ತಾನೆ. ಇದೂ ಪ್ರಾಣದ ವಿಷಯಾನೇ ಅಲ್ವಾ?"

ಮೂರನೆಯ ವರ್ಷ ಮುಗಿದ ಮೇಲೆ ಪ್ರಶ್ನೆ ಹುಡುಕುವ ಕಾಲ ಬಂತು. ಹುಡುಕಿ ಹುಡುಕಿ ಕೊನೆಗೆ ಅದು ಸಿಕ್ಕಿದ್ದು ನಮ್ಮ ಅಡುಗೆಮನೆಯ ಸಾಂಬಾರ ಡಬ್ಬಿಯಲ್ಲಿ. ೨೦೧೧ರಲ್ಲಿ ನಮ್ಮ ದೇಶದ ಸಂಶೋಧಕರು ಅರಿಶಿನದ ಪುಡಿಯಿಂದ ಬೆರಳಚ್ಚು ಕಾಣುವಂತೆ ಮಾಡಬಹುದೆಂದು ಒಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅದನ್ನು ಓದಿದ ಮಗಳು, ಪ್ರಯೋಗಾಲಯದ ಕಪ್ಪು ಪುಡಿಯ ಜೊತೆ ಅರಿಶಿನವನ್ನು ಹೋಲಿಸಿ ನೋಡಿದರೆ ಹೇಗೆ ಎಂದು ಯೋಚಿಸಿದಳು. ಊರಿನಲ್ಲಿರುವ ಅವಳ ಅಜ್ಜಿಗೆ ಫೋನಿನಲ್ಲಿ ಹೇಳಿದರೆ, "ಅರಿಶಿನ ಮುಟ್ಟಿದ್ರೆ ಗುರುತು ಬಿಡುತ್ತೆ ಅನ್ನೋದಕ್ಕೆ ಕಾಲೇಜಿಗೆ ಹೋಗ್ಬೇಕೇನೇ? ನನ್ನ ಸೀರೆ ಸೆರಗು ನೋಡಿದ್ರೆ ಸಾಕಿತ್ತು" ಎಂದು ನಕ್ಕರು.

ಇದರ ಹಿಂದಿನ ತತ್ವವನ್ನು ಸರಳವಾಗಿ ಹೇಳುತ್ತೇವೆ, ಮಕ್ಕಳೂ ಕೇಳಲಿ. ನಮ್ಮ ಬೆರಳ ತುದಿಯಲ್ಲಿ ಏಣುಗಳಿವೆ, ಆ ಏಣುಗಳ ಮೇಲೆ ಬೆವರಿನ ರಂಧ್ರಗಳಿವೆ. ಬೆವರಿನಲ್ಲಿ ನೀರು, ಉಪ್ಪು, ಅಮೈನೋ ಆಮ್ಲಗಳು ಇರುತ್ತವೆ. ಮುಖ, ಕೂದಲು ಮುಟ್ಟಿಕೊಂಡ ಬೆರಳಿಗೆ ಜಿಡ್ಡೂ ಅಂಟಿರುತ್ತದೆ. ಗಾಜಿನ ಲೋಟ ಹಿಡಿದರೆ ಇವೆಲ್ಲ ಏಣುಗಳ ಆಕಾರದಲ್ಲೇ ಲೋಟದ ಮೇಲೆ ಉಳಿಯುತ್ತವೆ. ನಯವಾದ ಪುಡಿ ಉದುರಿಸಿ ಮೃದುವಾದ ಕುಂಚದಿಂದ ಸವರಿದರೆ ಪುಡಿ ಆ ತೇವ ಮತ್ತು ಜಿಡ್ಡಿಗೆ ಮಾತ್ರ ಅಂಟಿ, ಗೆರೆಗಳು ಮೂಡುತ್ತವೆ. ಕಾಗದದಂಥ ಹೀರುವ ವಸ್ತುವಿನ ಮೇಲೆ ಪುಡಿಯ ಆಟ ಹೆಚ್ಚು ನಡೆಯುವುದಿಲ್ಲ. ಅಲ್ಲಿ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಬೇಕು, ಅದು ಅಮೈನೋ ಆಮ್ಲದೊಡನೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ಈ ಬಣ್ಣ ಕಂಡುಬಂದದ್ದು ೧೯೧೦ರಲ್ಲಿ, ಬೆರಳಚ್ಚಿಗೆ ಬಳಸಿದ್ದು ೧೯೫೪ರಲ್ಲಿ. ವಿಜ್ಞಾನದಲ್ಲಿ ಒಂದು ಸಂಗತಿ ತನ್ನ ಉಪಯೋಗ ಸಿಗುವತನಕ ನಲವತ್ತು ವರ್ಷ ಕಾದು ಕುಳಿತಿರುತ್ತದೆ, ನೋಡಿ.

ಯೋಜನೆಯ ಕರಡನ್ನು ತೆಗೆದುಕೊಂಡು ಹೋದರೆ ಮಾರ್ಗದರ್ಶಕರು ಎರಡು ಸಲ ಹಿಂತಿರುಗಿಸಿದರು. ಮೊದಲನೆಯ ಸಲ ಅವರು ಕೇಳಿದ್ದು ಇಷ್ಟು: ಚೆನ್ನಾಗಿ ಕಾಣುತ್ತದೆ ಎಂದರೆ ಏನು, ಯಾರ ಕಣ್ಣಿಗೆ, ಯಾವ ಅಳತೆಯಲ್ಲಿ? ಎರಡನೆಯ ಸಲ: ಯಾವ ಪುಡಿ ಹಾಕಿದ್ದು ಎಂದು ಗೊತ್ತಿರುವವರೇ ಅಂಕ ಕೊಟ್ಟರೆ ಆ ಅಂಕಕ್ಕೆ ಏನು ಬೆಲೆ? ಇದರಿಂದ ಯೋಜನೆಯ ರೂಪವೇ ಬದಲಾಯಿತು. ಬೆರಳಚ್ಚಿನ ಗುಣಮಟ್ಟಕ್ಕೆ ಮೊದಲೇ ಒಂದು ಅಂಕಪಟ್ಟಿ ಬರೆದಿಡಬೇಕು. ಒಂದೇ ಬೆರಳಿನ ಗುರುತನ್ನು ನಡುವೆ ಎರಡು ಭಾಗ ಮಾಡಿ, ಅರ್ಧಕ್ಕೆ ಒಂದು ಪುಡಿ, ಇನ್ನರ್ಧಕ್ಕೆ ಮತ್ತೊಂದು ಹಾಕಬೇಕು. ಇಲ್ಲದಿದ್ದರೆ ಬೆವರುವ ಕೈಗೂ ಒಣಗಿದ ಕೈಗೂ ಇರುವ ವ್ಯತ್ಯಾಸವೇ ಪುಡಿಯ ವ್ಯತ್ಯಾಸದಂತೆ ಕಾಣುತ್ತದೆ. ಹಳದಿ ಯಾವುದು ಕಪ್ಪು ಯಾವುದು ಎಂದು ತಿಳಿಯದಂತೆ ಚಿತ್ರಗಳನ್ನೆಲ್ಲ ಒಂದೇ ಬಣ್ಣಕ್ಕೆ ತಂದು, ಬೇರೆಯವರಿಂದ ಅಂಕ ಹಾಕಿಸಬೇಕು. ಎಷ್ಟು ಮಾದರಿ ತೆಗೆಯುವುದು, ಯಾವುದನ್ನು ಯಾವ ಕಾರಣಕ್ಕೆ ಬಿಡುವುದು ಎಂಬುದನ್ನು ಮೊದಲ ಲೋಟ ಮುಟ್ಟುವ ಮುಂಚೆಯೇ ಕಾಗದದ ಮೇಲೆ ಬರೆಯಬೇಕು. ನಮ್ಮ ಮದುವೆಮನೆಯ ಸಾಮಾನಿನ ಪಟ್ಟಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ!

ಇನ್ನೊಂದು ವಿಷಯ ಒಪ್ಪಿಗೆಯದು. ಬೆರಳಚ್ಚು ಎಂಬುದು ಮನುಷ್ಯನ ಗುರುತು. ೨೦೧೮ರಿಂದ ಜಾರಿಯಲ್ಲಿರುವ ಐರೋಪ್ಯ ಮಾಹಿತಿ ರಕ್ಷಣಾ ಕಾನೂನು ಇಂಥದ್ದಕ್ಕೆ ವಿಶೇಷ ಕಾವಲು ಹಾಕಿದೆ. ಆದ್ದರಿಂದ ಬೆರಳು ಕೊಡುವ ಪ್ರತಿಯೊಬ್ಬರೂ ತಿಳಿದು, ಓದಿ, ಸಹಿ ಹಾಕಬೇಕು. ಹೆಸರಿನ ಬದಲು ಸಂಕೇತ ಸಂಖ್ಯೆ ಇರಬೇಕು, ಕೆಲಸ ಮುಗಿದ ಮೇಲೆ ಏನು ಮಾಡುತ್ತೇವೆಂದು ಮೊದಲೇ ಹೇಳಬೇಕು. ಈ ಸಭೆಯಲ್ಲಿರುವ ಕೆಲವರು ಯುಗಾದಿಯ ಮಧ್ಯಾಹ್ನ ಒಬ್ಬಟ್ಟು ತಿಂದು, ಕೈ ತೊಳೆದುಕೊಂಡು, ಸಾಲಾಗಿ ನಿಂತು ಬೆರಳು ಕೊಟ್ಟಿರಿ. ಆ ಉಪಕಾರಕ್ಕೆ ಈ ವೇದಿಕೆಯ ಮೇಲಿಂದ ವಂದನೆ ಸಲ್ಲಿಸುತ್ತೇವೆ. ನಿಮ್ಮ ಬೆರಳುಗಳ ಗುಟ್ಟು ಭದ್ರವಾಗಿದೆ!

ಫಲಿತಾಂಶ ಏನಾಯಿತು ಎಂದು ಕೇಳುತ್ತೀರಿ. ಅರಿಶಿನ ಸೋತಿತು. ಹೊಸದಾಗಿ ಮೂಡಿದ ಗುರುತಿನ ಮೇಲೆ, ನುಣುಪಾದ ಗಾಜಿನ ಮೇಲೆ ಅದು ಪರವಾಗಿಲ್ಲ ಎನ್ನುವಂತಿತ್ತು. ದಿನ ಕಳೆದ ಗುರುತಿನ ಮೇಲೆ, ಎಣ್ಣೆಯ ಪಸೆಯಿದ್ದ ಸ್ಟೀಲಿನ ಮೇಲೆ ಹಿನ್ನೆಲೆಯೆಲ್ಲ ಹಳದಿಯಾಗಿ ಗೆರೆಗಳು ಮುಳುಗಿಹೋದವು. ಇದು ಒಬ್ಬ ವಿದ್ಯಾರ್ಥಿಯ ಸಣ್ಣ ಕೆಲಸ, ಕೊನೆಯ ತೀರ್ಮಾನವಲ್ಲ ಎಂಬುದನ್ನು ಅವಳೇ ಪ್ರಬಂಧದಲ್ಲಿ ಬರೆದಿದ್ದಾಳೆ. ಆದರೆ ಆ ವಾರ ಅವಳ ಮುಖ ನೋಡಬೇಕಿತ್ತು. ನಮ್ಮ ನೆಲದ ಅರಿಶಿನ ಗೆಲ್ಲುತ್ತದೆಂದು ಅವಳಿಗೂ ಆಸೆ, ನಮಗೂ ಆಸೆ. ಮನೆಗೆ ಊಟಕ್ಕೆ ಬಂದಿದ್ದ ಸ್ನೇಹಿತರೊಬ್ಬರು ಸಮಾಧಾನ ಮಾಡಲೆಂದು, "ಎಣ್ಣೆ ಇದ್ದ ತಟ್ಟೆಗಳನ್ನ ಬಿಟ್ಟುಬಿಡಮ್ಮ, ಚೆನ್ನಾಗಿ ಬಂದಿರೋದು ಸಾಕಷ್ಟಿದೆಯಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ, "ಅಂಕಲ್, ಲೂಸಿಯಾ ಕೇಸಲ್ಲೂ ಹಾಗೇ ಮಾಡಿದ್ರು" ಎಂದಳು. ಆಮೇಲೆ ಊಟ ಮುಗಿಯುವತನಕ ನಾವೆಲ್ಲ ಆ ಕಥೆ ಕೇಳಿದೆವು. ನಿಮಗೂ ಹೇಳಲೇಬೇಕು.

ಲೂಸಿಯಾ ದೆ ಬರ್ಕ್ ದಿ ಹೇಗ್‌ನಲ್ಲಿ ನರ್ಸ್ ಆಗಿದ್ದವರು. ೨೦೦೧ರಲ್ಲಿ ಒಂದು ಮಗು ತೀರಿಕೊಂಡಾಗ, ಆಕೆಯ ಪಾಳಿಯಲ್ಲಿಯೇ ಹೆಚ್ಚು ಸಾವು ಮತ್ತು ಆಪತ್ತುಗಳು ಆಗಿವೆ ಎಂಬ ಅನುಮಾನ ಎದ್ದಿತು. ಅದೇ ಡಿಸೆಂಬರಿನಲ್ಲಿ ಬಂಧನವಾಯಿತು. ಇಷ್ಟೊಂದು ಘಟನೆಗಳು ಒಬ್ಬ ನರ್ಸಿನ ಪಾಳಿಯಲ್ಲಿ ಆಕಸ್ಮಿಕವಾಗಿ ಸಂಭವಿಸುವ ಸಾಧ್ಯತೆ ೩೪ ಕೋಟಿ ೨೦ ಲಕ್ಷದಲ್ಲಿ ಒಂದು ಎಂಬ ಲೆಕ್ಕ ನ್ಯಾಯಾಲಯದ ಮುಂದೆ ಬಂತು. ೨೦೦೩ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ೨೦೦೪ರ ಮೇಲ್ಮನವಿಯಲ್ಲಿ ನ್ಯಾಯಾಲಯ ಅಂಕಿಯನ್ನು ಆಧಾರ ಮಾಡಿಕೊಂಡಿಲ್ಲ ಎಂದು ಹೇಳಿದರೂ ಶಿಕ್ಷೆ ಉಳಿಯಿತು. ಆಮೇಲೆ ವೈದ್ಯೆ ಮೆಟ್ಟಾ ದೆ ನೋ, ಅವರ ಸೋದರ ತತ್ವಶಾಸ್ತ್ರಜ್ಞ ಟೊನ್ ಡೆರ್ಕ್‌ಸೆನ್, ಲೈಡನ್ನಿನ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಗಿಲ್ ಮುಂತಾದವರು ಕಡತಗಳನ್ನು ಹಿಡಿದು ಕುಳಿತರು. ಆಕೆ ಪಾಳಿಯಲ್ಲಿದ್ದಳು ಎಂಬ ಕಾರಣಕ್ಕೇ ಕೆಲವು ಘಟನೆಗಳನ್ನು ಅನುಮಾನಾಸ್ಪದ ಎಂದು ಎಣಿಸಲಾಗಿತ್ತು. ಲೆಕ್ಕ ಮಾಡಿದ ರೀತಿಯೂ ಸರಿಯಿರಲಿಲ್ಲ. ಸರಿಯಾಗಿ ಮಾಡಿದಾಗ ಆ ಕೋಟಿಗಳೆಲ್ಲ ಕರಗಿ, ಕೆಲವು ಹತ್ತಾರುಗಳಲ್ಲಿ ಒಂದು ಎಂಬಷ್ಟಕ್ಕೆ ಇಳಿಯಿತು. ವಿಷಪ್ರಾಶನ ಎಂದಿದ್ದ ಮಗುವಿನ ಸಾವೂ ಸಹಜವಾದದ್ದಿರಬಹುದು ಎಂದು ತಜ್ಞರು ಹೇಳಿದರು. ೨೦೧೦ರ ಏಪ್ರಿಲ್ ೧೪ರಂದು ಆಕೆ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿತ್ತು, ಅಲ್ಲಿಯೇ ಪಾರ್ಶ್ವವಾಯುವೂ ಹೊಡೆದಿತ್ತು.

ಬಂಧುಗಳೆ, ಚೆನ್ನಾಗಿ ಹೊಂದಿಕೊಳ್ಳುವುದನ್ನು ಎಣಿಸಿ, ಹೊಂದದ್ದನ್ನು ಪಕ್ಕಕ್ಕೆ ತಳ್ಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ತಟ್ಟೆಯ ಮೇಲಿನ ಅರಿಶಿನಕ್ಕೂ ಒಬ್ಬಳ ಆಯುಸ್ಸಿಗೂ ಬಹಳ ದೂರ ಎಂದು ತೋರಬಹುದು. ಆದರೆ ಅಭ್ಯಾಸ ಬೆಳೆಯುವುದು ತಟ್ಟೆಯ ಮೇಲೆಯೇ. ಅವಳು ಒಂದು ಮಾದರಿಯನ್ನೂ ಬಿಡದೆ ಬರೆದಳು. ಕಾಲೇಜಿನವರು ಗೆದ್ದ ಪುಡಿಗೆ ಅಂಕ ಕೊಡಲಿಲ್ಲ, ಬಚ್ಚಿಡದ ಪುಸ್ತಕಕ್ಕೆ ಕೊಟ್ಟರು.

ಅಂಕಿಯ ಮೋಸ ಹೇಗಿರುತ್ತದೆಂದು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಒಂದು ಬೂಟಿನ ಗುರುತು ಸಿಕ್ಕಿದೆ, ಅಂಥ ಬೂಟು ಸಾವಿರದಲ್ಲಿ ಒಬ್ಬರ ಬಳಿ ಇದೆ ಎಂದಿಟ್ಟುಕೊಳ್ಳಿ. ಆರೋಪಿಯ ಬಳಿಯೂ ಅದು ಇದೆ. ಹಾಗಾದರೆ ಅವನು ನಿರಪರಾಧಿಯಾಗಿರುವ ಸಾಧ್ಯತೆ ಸಾವಿರದಲ್ಲಿ ಒಂದೇ ಎಂದು ನಮಗೆಲ್ಲ ತೋಚುತ್ತದೆ. ಆದರೆ ಡೆಲ್ಫ್ಟ್‌ನಂಥ ಪಟ್ಟಣದಲ್ಲಿ ಸುಮಾರು ಒಂದು ಲಕ್ಷ ಜನ ಇದ್ದಾರೆ. ಅವರಲ್ಲಿ ನೂರು ಜನರ ಬಳಿ ಅಂಥ ಬೂಟು ಇರುತ್ತದೆ. ಬೇರೆ ಸಾಕ್ಷ್ಯವೇ ಇಲ್ಲದಿದ್ದರೆ ನಮ್ಮ ಆರೋಪಿ ಆ ನೂರರಲ್ಲಿ ಒಬ್ಬ, ಅಷ್ಟೇ. ಆದ್ದರಿಂದ ಇಲ್ಲಿನ ತಜ್ಞರು ಇವನೇ ಅಪರಾಧಿ ಎಂದು ಬರೆಯುವುದಿಲ್ಲ. ಗುರುತು ಇವನದಾಗಿದ್ದರೆ ಈ ಸಾಕ್ಷ್ಯ ಸಿಗುವ ಸಾಧ್ಯತೆ ಎಷ್ಟು, ಬೇರೆಯವರದಾಗಿದ್ದರೆ ಎಷ್ಟು ಎಂದು ಎರಡನ್ನೂ ತಕ್ಕಡಿಯಲ್ಲಿಟ್ಟು ತೋರಿಸುತ್ತಾರೆ. ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ.

ಕಣ್ಣೂ ಮೋಸ ಮಾಡುತ್ತದೆ. ೨೦೦೪ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಅಮೆರಿಕದ ಒರೆಗನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಎಂಬುವರನ್ನು ಬೆರಳಚ್ಚು ತಾಳೆಯಾಯಿತೆಂದು ಹಿಡಿದರು. ಸ್ಪೇನಿನ ಪೊಲೀಸರು ಆ ಬೆರಳು ಅಲ್ಜೀರಿಯಾದ ಇನ್ನೊಬ್ಬನದು ಎಂದು ತೋರಿಸಿದ ಮೇಲೆ ಬಿಟ್ಟರು. ೨೦೦೬ರಲ್ಲಿ ಇಟಿಯೆಲ್ ಡ್ರೋರ್ ಎಂಬ ಸಂಶೋಧಕರು ಐವರು ಅನುಭವಿ ತಜ್ಞರಿಗೆ, ಹಿಂದೆ ಅವರೇ ತಾಳೆ ಮಾಡಿದ್ದ ಬೆರಳಚ್ಚುಗಳನ್ನು, ಇದು ಆ ಮ್ಯಾಡ್ರಿಡ್‌ನ ತಪ್ಪು ಜೋಡಿ ಎಂಬ ಭಾವನೆ ಕೊಟ್ಟು ತೋರಿಸಿದರು. ಐವರಲ್ಲಿ ನಾಲ್ವರು ತಮ್ಮ ಹಳೆಯ ತೀರ್ಮಾನವನ್ನೇ ಬದಲಿಸಿದರು! ಪುಡಿಯ ಬಣ್ಣ ಮುಚ್ಚಿಟ್ಟು ಅಂಕ ಹಾಕಿಸಿ ಎಂದು ಮಾರ್ಗದರ್ಶಕರು ಏಕೆ ಪಟ್ಟು ಹಿಡಿದರೆಂದು ಈಗ ತಿಳಿಯುತ್ತದೆ.

ಈ ದೇಶ ಪಾಠ ಕಲಿತದ್ದೂ ಉಂಟು. ೨೦೦೦ದಲ್ಲಿ ಸ್ಕೀಡಾಮ್‌ನ ಉದ್ಯಾನದಲ್ಲಿ ಒಂದು ಮಗುವಿನ ಕೊಲೆಯಾಯಿತು. ಸಿಕ್ಕ ಡಿಎನ್‌ಎ ಆರೋಪಿಯದಲ್ಲದಿದ್ದರೂ ಅವನಿಗೇ ಶಿಕ್ಷೆಯಾಯಿತು. ೨೦೦೪ರಲ್ಲಿ ಬೇರೊಬ್ಬ ತಪ್ಪೊಪ್ಪಿಕೊಂಡ. ೨೦೦೫ರಲ್ಲಿ ವಿಚಾರಣಾ ವರದಿ ಹೊರಬಂದು, ಮುಗಿದ ಪ್ರಕರಣಗಳನ್ನು ಮತ್ತೆ ನೋಡುವ ಸಮಿತಿ ರಚನೆಯಾಯಿತು. ಲೂಸಿಯಾ ಪ್ರಕರಣ ಮತ್ತೆ ತೆರೆಯಲು ಆ ಸಮಿತಿ ನೆರವಾಯಿತು. ೨೦೧೦ರಿಂದ ನ್ಯಾಯಾಲಯದ ತಜ್ಞರಿಗೆ ಒಂದು ರಾಷ್ಟ್ರೀಯ ನೋಂದಣಿಯೂ ಬಂದಿದೆ.

ಹೊರನಾಡಿನವರಾದ ನಾವು ಮರೆಯಬಾರದ ಇನ್ನೊಂದು ಪ್ರಕರಣವಿದೆ. ೧೯೯೯ರ ಮೇ ತಿಂಗಳಲ್ಲಿ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಮರಿಯಾನೆ ವಾಟ್‌ಸ್ಟ್ರಾ ಎಂಬ ಹದಿನಾರು ವರ್ಷದ ಹುಡುಗಿಯ ಕೊಲೆಯಾಯಿತು. ಹತ್ತಿರದಲ್ಲಿ ಆಶ್ರಯ ಕೋರಿ ಬಂದ ವಿದೇಶೀಯರ ಶಿಬಿರವಿತ್ತು. ಜನರ ಬೆರಳು ಆ ಕಡೆಗೇ ತಿರುಗಿತು. ಸಂಶಯಕ್ಕೆ ಗುರಿಯಾದ ಆಶ್ರಯಾರ್ಥಿಯ ಡಿಎನ್‌ಎ ತಾಳೆಯಾಗಲಿಲ್ಲ. ಲೈಡನ್ನಿನ ತಳಿವಿಜ್ಞಾನಿ ಪೀಟರ್ ದೆ ಕ್ನೈಫ್, ಆ ಡಿಎನ್‌ಎ ವಾಯವ್ಯ ಯೂರೋಪಿನ ಮೂಲದವನದಿರಬೇಕು ಎಂದು ಸೂಚಿಸಿದರು. ಆದರೂ ಗುಸುಗುಸು ನಿಲ್ಲಲಿಲ್ಲ. ೨೦೧೨ರಲ್ಲಿ ಸುತ್ತಮುತ್ತಲಿನ ಎಂಟು ಸಾವಿರಕ್ಕೂ ಹೆಚ್ಚು ಪುರುಷರನ್ನು ಸ್ವಇಚ್ಛೆಯಿಂದ ಮಾದರಿ ಕೊಡಲು ಕರೆದರು. ಕೊಟ್ಟವರಲ್ಲಿ ಒಬ್ಬನದೇ ತಾಳೆಯಾಯಿತು. ಅವನು ಸ್ಥಳದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದ ರೈತ. ೨೦೧೩ರಲ್ಲಿ ಅವನಿಗೆ ೧೮ ವರ್ಷಗಳ ಶಿಕ್ಷೆಯಾಯಿತು. ಬಣ್ಣ ಬೇರೆಯಾದ, ಭಾಷೆ ಬೇರೆಯಾದ ಜನರ ಮೇಲೆ ಹದಿಮೂರು ವರ್ಷ ಕೂತಿದ್ದ ಕಳಂಕವನ್ನು ತೊಳೆದದ್ದು ಭಾಷಣವಲ್ಲ, ಪ್ರಯೋಗಾಲಯ. ಊರಿಗೆ ಬಂದವರ ಮೇಲೆ ಅನುಮಾನ ಸುಲಭವಾಗಿ ಬೀಳುವ ಜಗತ್ತಿನಲ್ಲಿ, ಪ್ರಮಾಣಿಸಿ ನೋಡುವ ವಿದ್ಯೆ ನಮ್ಮಂಥವರಿಗೆ ಹೆಚ್ಚು ಬೇಕು.

ತಾಯ್ನಾಡಿನ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಒಂದು ಕಾಲದಲ್ಲಿ ಬೆಂಗಳೂರಿನ ಹೆಸರು ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಕೇಳಿಬರುತ್ತಿತ್ತು. ಔಷಧ ಕೊಟ್ಟು ಅರೆನಿದ್ರೆಯಲ್ಲಿ ಮಾತನಾಡಿಸಿದರೆ ಸತ್ಯ ಹೊರಬರುತ್ತದೆಂಬ ನಂಬಿಕೆ ಅದು. ಲೂಸಿಯಾ ಬಿಡುಗಡೆಯ ತೀರ್ಪು ಬಂದು ಮೂರು ವಾರಕ್ಕೆ, ೨೦೧೦ರ ಮೇ ೫ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ೨೦೨೩ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಇಷ್ಟು ಕೆಲಸಕ್ಕೆ ಎಷ್ಟು ಜನ ಕಲಿತವರು ಬೇಕು, ನೀವೇ ಊಹಿಸಿ. ಇಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಧಾರವಾಡದಲ್ಲಿ ಪಾಠ ಹೇಳುವ ದಿನ ಬಂದರೆ, ಕನ್ನಡ ಸಂಘಗಳು ಇದ್ದದ್ದಕ್ಕೂ ಸಾರ್ಥಕ.

ಈ ದಾರಿ ಹಿಡಿಯಬೇಕೆನ್ನುವ ಮಕ್ಕಳಿಗೆ ಕೆಲವು ವ್ಯಾವಹಾರಿಕ ಮಾತುಗಳು. ಡಚ್ ಭಾಷೆಯನ್ನು ಚೆನ್ನಾಗಿ ಕಲಿಯಿರಿ. ಇಲ್ಲಿನ ವರದಿಯನ್ನು ಓದುವವರು ಡಚ್ ನ್ಯಾಯಾಧೀಶರು, ಹೋಖಸ್ಕೋಲಿನ ಈ ಓದೂ ಡಚ್ಚಿನಲ್ಲಿದೆ. ಗಣಿತವನ್ನು, ಅದರಲ್ಲೂ ಸಂಖ್ಯಾಶಾಸ್ತ್ರವನ್ನು ಬಿಡಬೇಡಿ. ತರಬೇತಿಗೆ ಸೇರುವಾಗ ಸನ್ನಡತೆಯ ಪ್ರಮಾಣಪತ್ರ ಕೇಳುತ್ತಾರೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ನಿಜವಾದ ಅಪರಾಧದ ಸಾಮಗ್ರಿ ನಿಮ್ಮ ಕೈಗೆ ಬರುತ್ತದೆಂದು ಎಣಿಸಬೇಡಿ. ಅದು ಬೇಕಾಗಿಯೂ ಇಲ್ಲ, ಮನೆಯ ಲೋಟ, ತಟ್ಟೆ, ನೂಲು, ಮಣ್ಣು ಸಾಕು. ಪ್ರಶ್ನೆ ಚಿಕ್ಕದಿರಲಿ. ಬೆರಳಚ್ಚಿನ ಬಗ್ಗೆ ಎಲ್ಲವನ್ನೂ ತಿಳಿಯುತ್ತೇನೆ ಎಂದು ಹೊರಟವರು ಏನನ್ನೂ ತಿಳಿಯುವುದಿಲ್ಲ. ಈ ಎರಡು ಪುಡಿಗಳಲ್ಲಿ ಈ ಲೋಟದ ಮೇಲೆ ಯಾವುದು ಮೇಲು ಎಂದು ಕೇಳಿದವರು ಒಂದು ಸಂಗತಿಯನ್ನಾದರೂ ಖಚಿತವಾಗಿ ತಿಳಿಯುತ್ತಾರೆ. ಪುಸ್ತಕದಲ್ಲಿ ತಾರೀಖು ಹಾಕಿ ಪೆನ್ನಿನಿಂದ ಬರೆಯಿರಿ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಿದ್ದಿ, ಅಳಿಸಬೇಡಿ.

ತಂದೆತಾಯಿಗಳಿಗೆ ನಮ್ಮದೊಂದು ಪ್ರಾರ್ಥನೆ. ಮಗು ಸೋತ ಪ್ರಯೋಗವನ್ನು ಹಿಡಿದು ಮನೆಗೆ ಬಂದಾಗ ಅಂಕ ಎಷ್ಟು ಎಂದು ಮೊದಲು ಕೇಳಬೇಡಿ. ಏನು ಕಂಡೆ ಎಂದು ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಮ್ಮ ಮಗು ಮುಂದೆ ಎಂಥ ಮನುಷ್ಯನಾಗುತ್ತಾನೆ, ಎಂಥ ಮನುಷ್ಯಳಾಗುತ್ತಾಳೆ ಎಂಬುದು ನಿಮಗೆ ಕಾಣುತ್ತದೆ.

 ಸಂಘ ನೂರ್ಕಾಲ ಬಾಳಲಿ. ಹಿಂದಿನ ಸಾಲಿನ ಮಕ್ಕಳೆ, ಊಟ ಸಿದ್ಧವಾಗಿದೆ ಎಂಬ ಸುದ್ದಿ ಬಂದಿದೆ. ಆದರೆ ಹೋಗಿ ಪ್ರಮಾಣಿಸಿ ನೋಡಿ!

ಸಿರಿಗನ್ನಡಂ ಗೆಲ್ಗೆ.